ಗಂಟು ಬಿಚ್ಚಿ ನೋಡಿ: ಎನ್‌ಪಿಎಂ ಪ್ಯಾಕೇಜಿನ ಫೈಲ್‌ಗಳನ್ನು ಜೋಡಿಸುವ ಬಗೆ

ಜಾವಾಸ್ಕ್ರಿಪ್ಟ್ ಕೋಡನ್ನು ಪ್ಯಾಕೇಜ್ ಮಾಡಿ ಎಲ್ಲರೊಂದಿಗೆ ಹಂಚಿಕೊಳ್ಳುವ ಜಾಗ ಎನ್‌ಪಿಎಂ. ಅಲ್ಲಿ ನಾನು ಹಾಕಿದ ಮೊದಲ ಪ್ಯಾಕೇಜಿನ ಹೆಸರು ಕತ್ತರಿ. ಉದ್ದದ ಸಾಲನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸಿ ಕೊನೆಗೆ ಮೂರು ಚುಕ್ಕಿ ಇಡುವುದು ಅದರ ಕೆಲಸ. ಒತ್ತಕ್ಷರದ ನಡುವೆ, ಇಮೋಜಿಯ ನಡುವೆ ಕತ್ತರಿ ಬೀಳದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕೋಡ್ ಇನ್ನೂರು ಸಾಲೂ ಇಲ್ಲ. ಇಷ್ಟು ಚಿಕ್ಕದಕ್ಕೆ ಫೈಲ್ ಜೋಡಿಸುವುದರಲ್ಲಿ ಏನು ತಲೆನೋವು ಅಂದುಕೊಂಡಿದ್ದೆ.

ಅದರ 0.3.0 ವರ್ಷನ್ ಹಾಕಿದ ಸಂಜೆಯೇ ಗೆಳೆಯನೊಬ್ಬನ ಮೆಸೇಜ್ ಬಂತು. "ಇನ್‌ಸ್ಟಾಲ್ ಆಯ್ತು, ಆದ್ರೆ ರನ್ ಆಗ್ತಿಲ್ಲ. ಸೆಗ್ಮೆಂಟ್ ಅನ್ನೋ ಮಾಡ್ಯೂಲ್ ಸಿಗ್ತಿಲ್ಲ ಅಂತಿದೆ." ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಟೆಸ್ಟೂ ಪಾಸ್. ಫೋಲ್ಡರ್ ತೆಗೆದು ನೋಡಿದರೆ ಸೆಗ್ಮೆಂಟ್.ಜೆಎಸ್ ಅಲ್ಲೇ ಕೂತಿದೆ. ಅವನದ್ದೇ ಏನೋ ಎಡವಟ್ಟು ಇರಬೇಕು ಅಂತ ಅರ್ಧ ಗಂಟೆ ಅವನ ತಲೆ ತಿಂದೆ.

ಕೊನೆಗೆ ನಮ್ಮ ಟೀಮಿನ ಸೀನಿಯರ್ ಒಬ್ಬರನ್ನು ಕೇಳಿದೆ. ಅವರು ಕೋಡ್ ನೋಡಲೇ ಇಲ್ಲ. "ಗಂಟು ಬಿಚ್ಚಿ ನೋಡಿದ್ರಾ?" ಅಂದರು.

"ಯಾವ ಗಂಟು, ಮೇಡಂ?"

"ನೀವು ಮೇಲಕ್ಕೆ ಕಳಿಸಿದ್ದು. ನಿಮ್ಮ ಫೋಲ್ಡರ್ ಯಾರಿಗೂ ಹೋಗಲ್ಲಪ್ಪ. ಅವರಿಗೆ ಹೋಗೋದು ಗಂಟು."

ಎನ್‌ಪಿಎಂ ಪಬ್ಲಿಷ್ ಅಂತ ಹೊಡೆದಾಗ ಅದು ನಿಮ್ಮ ಫೋಲ್ಡರಿನಿಂದ ಕೆಲವು ಫೈಲ್‌ಗಳನ್ನು ಆರಿಸಿ, ಒಂದು ಟಿಜಿಝೆಡ್ ಫೈಲಿನಲ್ಲಿ ಕಟ್ಟಿ ಕಳಿಸುತ್ತದೆ. ಅದೇ ಆ ಗಂಟು. ಯಾವುದನ್ನು ಆರಿಸುತ್ತದೆ, ಯಾವುದನ್ನು ಬಿಡುತ್ತದೆ ಅನ್ನುವುದಕ್ಕೆ ಅದರದೇ ನಿಯಮಗಳಿವೆ. ಆ ನಿಯಮ ಗೊತ್ತಿಲ್ಲದೆ ನಾನು ಫೋಲ್ಡರನ್ನು ಚಂದ ಮಾಡಿಟ್ಟಿದ್ದೆ. ಈ ಬರಹ ಪೂರ್ತಿ ಗಂಟಿನ ಕಡೆಯಿಂದ ನೋಡಿ ಬರೆದದ್ದು.

ಗಂಟಿಗೆ ಏನು ಹೋಗುತ್ತೆ

ಕೆಳಗಿನದ್ದು ಇವತ್ತಿಗೆ ಕತ್ತರಿಯ ಫೋಲ್ಡರ್. ಸುಮ್ನೆ ಒಮ್ಮೆ ಕಣ್ಣಾಡಿಸಿ.

ಕತ್ತರಿ/
  ಎಸ್‌ಆರ್‌ಸಿ/
    ಇಂಡೆಕ್ಸ್.ಟಿಎಸ್
    ಕಟ್.ಟಿಎಸ್
    ಸೆಗ್ಮೆಂಟ್.ಟಿಎಸ್
    ಲೊಕೇಲ್.ಟಿಎಸ್
  ಟೆಸ್ಟ್/
  ಡೆಮೊ/
  ಡಿಸ್ಟ್/
  ಪ್ಯಾಕೇಜ್.ಜೇಸನ್
  ಟಿಎಸ್‌ಕಾನ್ಫಿಗ್.ಜೇಸನ್
  ರೀಡ್‌ಮಿ.ಎಂಡಿ
  ಲೈಸೆನ್ಸ್

ಎಸ್‌ಆರ್‌ಸಿಯಲ್ಲಿ ನಾನು ಟೈಪ್‌ಸ್ಕ್ರಿಪ್ಟಿನಲ್ಲಿ (.ಟಿಎಸ್) ಬರೆಯುವುದು. ಡಿಸ್ಟ್‌ನಲ್ಲಿ ಅದನ್ನು ಜಾವಾಸ್ಕ್ರಿಪ್ಟ್ (.ಜೆಎಸ್) ಮಾಡಿ ಮಷೀನು ಬರೆಯುವುದು. ಬಳಸುವವರಿಗೆ ಹೋಗಬೇಕಾದದ್ದು ಡಿಸ್ಟ್ ಒಂದೇ. ಈ ಪಟ್ಟಿಯಲ್ಲಿ, ಕೋಡಿನ ಇತಿಹಾಸ ಇಡುವ ಗಿಟ್‌ಗೆ ಹೋಗಬಾರದ್ದೂ ಅದೊಂದೇ. ಗಿಟ್‌ಗೆ ಬೇಡವಾದದ್ದೇ ಎನ್‌ಪಿಎಂಗೆ ಬೇಕು. ಎಡವಟ್ಟಿಗೆ ಮೂಲ ಇದೇ.

ನೀವು ಏನೂ ಹೇಳದಿದ್ದರೆ ಎನ್‌ಪಿಎಂ ಗಿಟ್‌ಗೆ ಬೇಡವಾದವುಗಳ ಪಟ್ಟಿ ಇರುವ ನಿಮ್ಮ .ಗಿಟ್‌ಇಗ್ನೋರ್ ಫೈಲನ್ನು ಓದಿ, ಅದರಲ್ಲಿರುವುದನ್ನು ಗಂಟಿನಿಂದ ಬಿಡುತ್ತದೆ. ನನ್ನ .ಗಿಟ್‌ಇಗ್ನೋರ್‌ನಲ್ಲಿ ಡಿಸ್ಟ್ ಇತ್ತು. ಹಾಗಾಗಿ ಡಿಸ್ಟ್ ಹೋಗಲಿಲ್ಲ. ಆದರೆ ಪ್ಯಾಕೇಜಿನ ವಿವರ ಬರೆದಿಡುವ ಪ್ಯಾಕೇಜ್.ಜೇಸನ್‌ನ ಮೇನ್‌ನಲ್ಲಿ ಯಾವ ಫೈಲ್ ಹೆಸರಿದೆಯೋ ಅದು ಮಾತ್ರ ಏನೇ ಆದರೂ ಹೋಗುತ್ತದೆ. ನನ್ನ ಮೇನ್ ಡಿಸ್ಟ್/ಇಂಡೆಕ್ಸ್.ಜೆಎಸ್. ಅಂದರೆ ಬಾಗಿಲು ಹೋಯಿತು, ಮನೆ ಹೋಗಲಿಲ್ಲ. ಇಂಡೆಕ್ಸ್.ಜೆಎಸ್ ತೆರೆದುಕೊಂಡು ಪಕ್ಕದ ಸೆಗ್ಮೆಂಟ್.ಜೆಎಸ್ ಹುಡುಕಿತು, ಸಿಗಲಿಲ್ಲ. ಡಿಸ್ಟ್ ಪೂರ್ತಿ ಇಲ್ಲದೆ ಹೋಗಿದ್ದರೆ ಎರಡೇ ನಿಮಿಷಕ್ಕೆ ಗೊತ್ತಾಗುತ್ತಿತ್ತು. ಒಂದು ಫೈಲ್ ಇದ್ದದ್ದೇ ನನ್ನನ್ನು ದಾರಿ ತಪ್ಪಿಸಿತು.

ಇದನ್ನು ಸರಿಮಾಡಲು ಹೋಗಿ ಇನ್ನೊಂದು ಗುಂಡಿಗೆ ಬಿದ್ದೆ. .ಎನ್‌ಪಿಎಂಇಗ್ನೋರ್ ಅಂತ ಒಂದು ಫೈಲ್ ಮಾಡಬಹುದು ಅಂತ ಎಲ್ಲೋ ಓದಿದ್ದೆ. ಮಾಡಿದೆ. ಟೆಸ್ಟ್ ಮತ್ತು ಡೆಮೊ ಫೋಲ್ಡರುಗಳ ಹೆಸರು ಬರೆದೆ. 0.3.1 ಹಾಕಿದೆ. ಗೆಳೆಯ "ಈಗ ಓಡ್ತಿದೆ" ಅಂದ. ಖುಷಿಯಲ್ಲಿ ಮಲಗಿದೆ.

.ಎನ್‌ಪಿಎಂಇಗ್ನೋರ್ ಇದ್ದರೆ ಅದೇ ಜಾಗದ .ಗಿಟ್‌ಇಗ್ನೋರನ್ನು ಎನ್‌ಪಿಎಂ ನೋಡುವುದೇ ಇಲ್ಲ. ಎರಡನ್ನೂ ಸೇರಿಸಿ ಓದುವುದಿಲ್ಲ. ಇದ್ದರೆ ಇದು, ಇಲ್ಲದಿದ್ದರೆ ಅದು. ನನ್ನ ಹೊಸ ಪಟ್ಟಿಯಲ್ಲಿ ಡಿಸ್ಟ್ ಇರಲಿಲ್ಲ, ಹಾಗಾಗಿ ಡಿಸ್ಟ್ ಹೋಯಿತು. ಪಟ್ಟಿಯಲ್ಲಿ ಗುಟ್ಟಿನ ಸೆಟ್ಟಿಂಗ್‌ಗಳನ್ನಿಡುವ .ಎನ್ವ್ ಫೈಲ್ ಕೂಡ ಇರಲಿಲ್ಲ. ಹಾಗಾಗಿ ಅದೂ ಹೋಯಿತು. ಡೆಮೊ ಪೇಜ್ ಬಳಸುತ್ತಿದ್ದ ಒಂದು ಸೇವೆಯ ಟೋಕನ್ (ಪಾಸ್‌ವರ್ಡ್ ಥರದ್ದು) ಅದರಲ್ಲಿತ್ತು. .ಗಿಟ್ ಫೋಲ್ಡರು, ನೋಡ್_ಮಾಡ್ಯೂಲ್ಸ್, .ಎನ್‌ಪಿಎಂಆರ್‌ಸಿ ಇವನ್ನೆಲ್ಲ ಎನ್‌ಪಿಎಂ ತಾನಾಗಿಯೇ ಬಿಡುತ್ತದೆ. .ಎನ್ವ್ ಆ ಸಾಲಿನಲ್ಲಿಲ್ಲ. ನಾನು ಇದೆ ಅಂದುಕೊಂಡಿದ್ದೆ.

ಬೆಳಗ್ಗೆ ಗೊತ್ತಾದಾಗ ನನ್ನ ಮೊದಲ ಯೋಚನೆ ಆ ವರ್ಷನ್ ಅಳಿಸಿಬಿಡೋಣ ಅಂತ. ಅದು ತಪ್ಪು ಕ್ರಮ. ಮೊದಲು ಟೋಕನ್ ರದ್ದು ಮಾಡಬೇಕು, ಆಮೇಲೆ ಅಳಿಸುವುದು. ಪಬ್ಲಿಷ್ ಆದ ಗಂಟನ್ನು ನಕಲು ಮಾಡಿಟ್ಟುಕೊಳ್ಳುವ ಮಿರರ್‌ಗಳಿವೆ. ಒಮ್ಮೆ ಹೊರಗೆ ಹೋದದ್ದು ಹೋದದ್ದೇ. ಅಳಿಸುವುದಕ್ಕೂ ಗಡುವಿದೆ. ಪಬ್ಲಿಷ್ ಆದ 72 ಗಂಟೆಯೊಳಗೆ, ಬೇರೆ ಪ್ಯಾಕೇಜ್‌ಗಳು ನಿಮ್ಮದರ ಮೇಲೆ ನಿಂತಿರದಿದ್ದರೆ ಅಳಿಸಬಹುದು. ಆಮೇಲೆ ಷರತ್ತು ಬಿಗಿಯಾಗುತ್ತದೆ. ಅಳಿಸಿದ ಮೇಲೂ ಅದೇ ನಂಬರಿನಲ್ಲಿ ಮತ್ತೆ ಹಾಕಲು ಆಗುವುದಿಲ್ಲ. ಅಳಿಸುವ ನಿಯಮ ಇಷ್ಟು ಬಿಗಿಯಾದದ್ದು 2016ರ ಮಾರ್ಚ್‌ನಲ್ಲಿ ಆದ ಲೆಫ್ಟ್‌-ಪ್ಯಾಡ್ ಪ್ರಕರಣದ ಮೇಲೆ. ಹನ್ನೊಂದು ಸಾಲಿನ ಪ್ಯಾಕೇಜೊಂದನ್ನು ಅದರ ಲೇಖಕರು ತೆಗೆದುಬಿಟ್ಟರು, ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಯಿತು. ಇನ್ನೂರು ಸಾಲಿನ ನನ್ನ ಕತ್ತರಿ ಅದರ ಮುಂದೆ ಮಹಾಕಾವ್ಯ.

ಹಾಗಾದರೆ ಏನು ಮಾಡಬೇಕು? ಇಗ್ನೋರ್ ಪಟ್ಟಿಗಳನ್ನು ಮರೆತುಬಿಡಿ. ಪ್ಯಾಕೇಜ್.ಜೇಸನ್‌ನಲ್ಲಿ ಫೈಲ್ಸ್ ಅಂತ ಒಂದು ಪಟ್ಟಿ ಇಡಿ. ಅದರಲ್ಲಿ ಡಿಸ್ಟ್ ಅಂತ ಒಂದೇ ಹೆಸರು ಬರೆಯಿರಿ. ಏನು ಬೇಡ ಅಂತ ಹೇಳುವ ಪಟ್ಟಿಯಲ್ಲಿ ಒಂದು ಹೆಸರು ಮರೆತರೆ ಗುಟ್ಟು ಹೊರಗೆ ಹೋಗುತ್ತದೆ. ಏನು ಬೇಕು ಅಂತ ಹೇಳುವ ಪಟ್ಟಿಯಲ್ಲಿ ಒಂದು ಹೆಸರು ಮರೆತರೆ ಪ್ಯಾಕೇಜ್ ಓಡುವುದಿಲ್ಲ, ಅಷ್ಟೇ. ಎರಡನೆಯ ತಪ್ಪು ನಾಚಿಕೆ ತರುತ್ತದೆ, ಮೊದಲನೆಯದು ನಿದ್ದೆ ಕೆಡಿಸುತ್ತದೆ. ಫೈಲ್ಸ್ ಪಟ್ಟಿಯಲ್ಲಿ ಡಿಸ್ಟ್ ಇದ್ದರೆ .ಗಿಟ್‌ಇಗ್ನೋರ್‌ನಲ್ಲಿ ಡಿಸ್ಟ್ ಇದ್ದರೂ ಅಡ್ಡಿಯಿಲ್ಲ.

ಪ್ಯಾಕೇಜ್.ಜೇಸನ್, ರೀಡ್‌ಮಿ, ಲೈಸೆನ್ಸ್ ಇವನ್ನು ಬರೆಯಬೇಕಿಲ್ಲ, ತಾವಾಗಿಯೇ ಹೋಗುತ್ತವೆ. ಚೇಂಜ್‌ಲಾಗ್ ಕಳಿಸಬೇಕಿದ್ದರೆ ನೀವೇ ಹೆಸರಿಸಿ. ರೀಡ್‌ಮಿಯಲ್ಲಿ ತೋರಿಸಲು ನಾನು ಇಟ್ಟಿದ್ದ ಸ್ಕ್ರೀನ್ ರೆಕಾರ್ಡಿಂಗ್‌ಗಳು ನಾಲ್ಕು ಎಂಬಿ ಇದ್ದವು, ಕೋಡ್ ಆರು ಕೆಬಿ. ಎರಡೂ ಮೊದಲು ಒಂದೇ ಗಂಟಿನಲ್ಲಿ ಹೋಗುತ್ತಿದ್ದವು. ಫೈಲ್ಸ್ ಪಟ್ಟಿ ಬಂದ ದಿನ ಆ ಭಾರವೂ ಇಳಿಯಿತು.

ಡಿಸ್ಟ್ ಅನ್ನು ಪ್ರತಿ ಸಲ ಅಳಿಸಿ ಕಟ್ಟಿ

ಈ ವಿಷಯ ಚಿಕ್ಕದು, ಆದರೆ ತುಂಬ ಜನ ಮಾಡುವುದಿಲ್ಲ. ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಹೊಸ ಫೈಲ್ ಬರೆಯುತ್ತದೆ, ಹಳೆಯದನ್ನು ಅಳಿಸುವುದಿಲ್ಲ. ಎಸ್‌ಆರ್‌ಸಿಯಿಂದ ನೀವು ತೆಗೆದ ಹೆಲ್ಪರ್.ಟಿಎಸ್, ಡಿಸ್ಟ್‌ನಲ್ಲಿ ಹೆಲ್ಪರ್.ಜೆಎಸ್ ಆಗಿ ಇನ್ನೂ ಬದುಕಿರುತ್ತದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಂತೆ, ಪ್ರತಿ ಗಂಟಿನಲ್ಲೂ ಕೂತು ಹೋಗುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಅಂದರೆ ಕೋಡಿನಲ್ಲಿ ಎಲ್ಲೋ ಆ ಹಳೆಯ ಫೈಲನ್ನೇ ಕರೆಯುವ ಒಂದು ಸಾಲು ಉಳಿದಿದ್ದರೆ ನಿಮ್ಮ ಮಷೀನಿನಲ್ಲಿ ಅದು ಓಡುತ್ತಲೇ ಇರುತ್ತದೆ. ಬಿಲ್ಡ್ ಶುರುವಾಗುವ ಮುಂಚೆ ಡಿಸ್ಟ್ ಫೋಲ್ಡರನ್ನು ಪೂರ್ತಿ ಅಳಿಸುವ ಒಂದು ಹೆಜ್ಜೆ ಸೇರಿಸಿ.

ಟೆಸ್ಟ್ ಫೈಲ್‌ಗಳನ್ನು ಎಲ್ಲಿಡಬೇಕು ಅನ್ನುವುದಕ್ಕೆ ಜಗಳ ಆಡುವವರಿದ್ದಾರೆ. ಕೋಡ್ ಪಕ್ಕದಲ್ಲೇ ಇರಲಿ ಅನ್ನುವವರು ಅರ್ಧ, ಬೇರೆ ಫೋಲ್ಡರ್ ಅನ್ನುವವರು ಅರ್ಧ. ಪ್ಯಾಕೇಜ್ ವಿಷಯಕ್ಕೆ ಬಂದರೆ ನಾನು ಬೇರೆ ಫೋಲ್ಡರಿನ ಕಡೆ. ಪಕ್ಕದಲ್ಲೇ ಇಟ್ಟರೆ ಅವೂ ಕಂಪೈಲ್ ಆಗಿ ಡಿಸ್ಟ್‌ಗೆ ಬೀಳುತ್ತವೆ. ಆಮೇಲೆ ಬಿಲ್ಡ್‌ಗೇ ಬೇರೆ ಟಿಎಸ್‌ಕಾನ್ಫಿಗ್ ಬರೆಯಬೇಕು, ಇಲ್ಲವೇ ಫೈಲ್ಸ್ ಪಟ್ಟಿಯಲ್ಲಿ ಆಶ್ಚರ್ಯ ಚಿಹ್ನೆ ಹಾಕಿ ಅವನ್ನು ಹೊರಗಿಡಬೇಕು. ಎರಡೂ ಆಗುತ್ತದೆ. ಆದರೆ ಬೇಕಾ?

ಫೈಲ್ ಹೆಸರುಗಳನ್ನು ಪೂರ್ತಿ ಚಿಕ್ಕಕ್ಷರದಲ್ಲೇ ಇಡಿ, ಪದಗಳ ಮಧ್ಯೆ ಅಡ್ಡಗೆರೆ ಹಾಕಿ. ಇದು ರುಚಿಯ ಪ್ರಶ್ನೆ ಅಲ್ಲ. ಮ್ಯಾಕ್ ಮತ್ತು ವಿಂಡೋಸ್ ಸಾಮಾನ್ಯವಾಗಿ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ ನೋಡದೆ ಫೈಲ್ ಹುಡುಕಿ ಕೊಡುತ್ತವೆ. ಲಿನಕ್ಸ್ ಕೊಡುವುದಿಲ್ಲ. ನಾನು ಒಮ್ಮೆ ಲೊಕೇಲ್ ಫೈಲಿನ ಮೊದಲ ಅಕ್ಷರವನ್ನು ದೊಡ್ಡದರಿಂದ ಚಿಕ್ಕದಕ್ಕೆ ಬದಲಿಸಿದೆ. ಮ್ಯಾಕ್‌ನಲ್ಲಿದ್ದ ಗಿಟ್‌ಗೆ ಆ ಬದಲಾವಣೆ ಕಾಣಲೇ ಇಲ್ಲ. ಲಿನಕ್ಸ್ ಸರ್ವರ್‌ನಲ್ಲಿ ಬಿಲ್ಡ್ ಬಿತ್ತು. ಅಂಥ ಹೆಸರು ಬದಲಿಸುವಾಗ ಗಿಟ್ ಎಂವಿ ಅನ್ನುವ ಕಮಾಂಡನ್ನೇ ಬಳಸಿ.

ಬಾಗಿಲುಗಳು ಎಷ್ಟು?

ಗಂಟಿನಲ್ಲಿ ಏನಿದೆ ಅನ್ನುವುದು ಒಂದು ಪ್ರಶ್ನೆ. ಅದರಲ್ಲಿ ಯಾವುದನ್ನು ಮುಟ್ಟಬಹುದು ಅನ್ನುವುದು ಇನ್ನೊಂದು. ಈ ಎರಡನೆಯದನ್ನು ನಾನು ಒಂದು ವರ್ಷ ಯೋಚಿಸಿಯೇ ಇರಲಿಲ್ಲ.

1.1.2ರಲ್ಲಿ ಡಿಸ್ಟ್ ಒಳಗಿನ ಒಂದು ಫೈಲನ್ನು ಒಳ ಫೋಲ್ಡರಿಗೆ ಸರಿಸಿದೆ. ಹೊರಗೆ ಏನೂ ಬದಲಾಗಿಲ್ಲ, ಬರೀ ಒಳಮನೆಯ ಸಾಮಾನು ಜರುಗಿಸಿದೆ ಅಂತ ಪ್ಯಾಚ್ ಬಿಡುಗಡೆ ಮಾಡಿದೆ. ಮಾರನೇ ದಿನ ಯಾರೋ ಪರಿಚಯವಿಲ್ಲದವರು ಇಶ್ಯೂ ಹಾಕಿದರು, ಬಿಲ್ಡ್ ಒಡೆದಿದೆ ಅಂತ. ನೋಡಿದರೆ ಅವರು ಕತ್ತರಿ/ಡಿಸ್ಟ್/ಸೆಗ್ಮೆಂಟ್.ಜೆಎಸ್ ಅಂತ ನೇರವಾಗಿ ಒಳಗೇ ಕೈ ಹಾಕಿದ್ದರು. ಅವರದ್ದು ತಪ್ಪಾ? ಅಲ್ಲ. ನಾನು ಬಾಗಿಲು ಹಾಕಿರಲಿಲ್ಲ, ಅವರು ಬಂದರು.

ಬಾಗಿಲು ಹಾಕುವುದಕ್ಕೆ ಪ್ಯಾಕೇಜ್.ಜೇಸನ್‌ನಲ್ಲಿ ಎಕ್ಸ್‌ಪೋರ್ಟ್ಸ್ ಅನ್ನುವ ಜಾಗ ಇದೆ. ಜಾವಾಸ್ಕ್ರಿಪ್ಟನ್ನು ಓಡಿಸುವ ನೋಡ್ ಅನ್ನುವ ಪ್ರೋಗ್ರಾಂನ 12ನೇ ವರ್ಷನ್ ಕಾಲದಿಂದ ಬಂದದ್ದು. ಅದನ್ನು ಬರೆದ ಕ್ಷಣ, ಅದರಲ್ಲಿ ಹೆಸರಿಸದ ಯಾವ ಫೈಲನ್ನೂ ಹೊರಗಿನವರು ಪ್ಯಾಕೇಜ್ ಹೆಸರಿನ ಮೂಲಕ ಮುಟ್ಟಲಾಗುವುದಿಲ್ಲ. ಫೈಲ್ ಗಂಟಿನಲ್ಲಿ ಇದ್ದರೂ ಅಷ್ಟೇ, ನೋಡ್ ತಡೆಯುತ್ತದೆ. ನನ್ನದರಲ್ಲಿ ಈಗ ಮೂರೇ ಬಾಗಿಲು. ಬರೀ ಚುಕ್ಕಿ ಅಂದರೆ ಮುಂಬಾಗಿಲು, ಡಿಸ್ಟ್/ಇಂಡೆಕ್ಸ್.ಜೆಎಸ್‌ಗೆ. ಚುಕ್ಕಿ ಗೆರೆ ಸೆಗ್ಮೆಂಟ್ (./ಸೆಗ್ಮೆಂಟ್) ಅಂದರೆ ಆ ಒಂದು ಫಂಕ್ಷನ್ ಮಾತ್ರ ಬೇಕಾದವರಿಗೆ, ಆ ಇಶ್ಯೂ ಹಾಕಿದವರ ಗೌರವಕ್ಕೆ ಮಾಡಿದ್ದು. ಮೂರನೆಯದು ಪ್ಯಾಕೇಜ್.ಜೇಸನ್. ಅದನ್ನು ಓದುವ ಟೂಲ್‌ಗಳಿವೆ, ಬಾಗಿಲು ಮುಚ್ಚಿದರೆ ಅವು ಗೊಣಗುತ್ತವೆ.

ಒಂದು ಎಚ್ಚರಿಕೆ. ಹಳೆಯ ಪ್ಯಾಕೇಜಿಗೆ ಎಕ್ಸ್‌ಪೋರ್ಟ್ಸ್ ಸೇರಿಸುತ್ತಿದ್ದರೆ ಅದನ್ನು ದೊಡ್ಡ ಬಿಡುಗಡೆ ಅಂತಲೇ ಲೆಕ್ಕ ಹಾಕಿ, ಮೊದಲ ಅಂಕಿ ಏರಿಸಿ. ಇಷ್ಟು ದಿನ ತೆರೆದಿದ್ದ ಹಿತ್ತಲ ಬಾಗಿಲುಗಳನ್ನು ಒಂದೇ ಏಟಿಗೆ ಮುಚ್ಚುತ್ತಿದ್ದೀರಿ. ಕತ್ತರಿ 2.0.0 ಆದದ್ದು ಇದೊಂದೇ ಕಾರಣಕ್ಕೆ. ಹೊಸ ಸೌಲಭ್ಯ ಒಂದೂ ಇರಲಿಲ್ಲ. ಹೊಸ ಪ್ಯಾಕೇಜ್ ಆದರೆ ಮೊದಲ ದಿನವೇ ಬರೆದುಬಿಡಿ. ಬಾಗಿಲು ತೆರೆಯುವುದು ಯಾವಾಗ ಬೇಕಾದರೂ ಆಗುತ್ತದೆ, ಮುಚ್ಚುವುದೇ ಕಷ್ಟ.

ಒಂದೊಂದು ಬಾಗಿಲಿನೊಳಗೆ ಮತ್ತೆ ಷರತ್ತುಗಳನ್ನು ಬರೆಯಬಹುದು. ಟೈಪ್ಸ್, ಇಂಪೋರ್ಟ್, ರಿಕ್ವೈರ್, ಡೀಫಾಲ್ಟ್. ಇವು ಬರೆದ ಕ್ರಮವೇ ಮುಖ್ಯ. ಮೇಲಿಂದ ಕೆಳಗೆ ನೋಡುತ್ತಾ ಮೊದಲು ಹೊಂದಿದ್ದನ್ನೇ ತೆಗೆದುಕೊಳ್ಳುತ್ತದೆ. ಟೈಪ್ಸ್ ಯಾವಾಗಲೂ ಮೇಲೆ, ಡೀಫಾಲ್ಟ್ ಯಾವಾಗಲೂ ಕೊನೆಗೆ. ಡೀಫಾಲ್ಟ್ ಮೇಲಿದ್ದರೆ ಕೆಳಗಿನ ಯಾವುದೂ ಎಂದೂ ಕಣ್ಣಿಗೆ ಬೀಳುವುದಿಲ್ಲ. ಜೇಸನ್‌ನಲ್ಲಿ ಕ್ರಮಕ್ಕೆ ಬೆಲೆ ಇಲ್ಲ ಅಂತ ನಾವೆಲ್ಲ ಕಲಿತಿದ್ದೇವೆ ಅಲ್ವಾ? ಇಲ್ಲಿ ಇದೆ. ಕೀಗಳನ್ನು ಅಕಾರಾದಿಯಾಗಿ ಜೋಡಿಸುವ ಎಡಿಟರ್ ಪ್ಲಗಿನ್ ಹಾಕಿಕೊಂಡಿದ್ದರೆ ಅದನ್ನು ಈ ಫೈಲಿನಿಂದ ದೂರ ಇಡಿ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಡೀಫಾಲ್ಟ್ ಎಲ್ಲಕ್ಕಿಂತ ಮೊದಲು ಬಂದುಬಿಡುತ್ತದೆ, ಟೈಪ್ಸ್ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ.

ಎರಡು ಕಾಲದ ಮಾಡ್ಯೂಲ್‌ಗಳು

ಒಂದು ಫೈಲ್ ಇನ್ನೊಂದನ್ನು ಕರೆಯಲು ಜಾವಾಸ್ಕ್ರಿಪ್ಟಿನಲ್ಲಿ ಎರಡು ಬಗೆ. ರಿಕ್ವೈರ್ ಅಂತ ಕರೆಯುವ ಕಾಮನ್‌ಜೆಎಸ್ 2009ರದು. ಇಂಪೋರ್ಟ್ ಅಂತ ಕರೆಯುವ ಇಎಸ್ ಮಾಡ್ಯೂಲ್ ಭಾಷೆಯೊಳಗೆ ಬಂದದ್ದು 2015ರಲ್ಲಿ. ಎರಡನ್ನೂ ಬಳಸುವವರು ಇದ್ದಾರೆ ಅಂತ ಎರಡೂ ಬಗೆಯಲ್ಲಿ ಕಟ್ಟಿ ಕಳಿಸುವುದು ಬಹಳ ಕಾಲ ರೂಢಿಯಾಗಿತ್ತು. ನಾನೂ ಮಾಡಿದೆ, ಪಶ್ಚಾತ್ತಾಪವೂ ಪಟ್ಟೆ.

ಆದದ್ದು ಹೀಗೆ. ಕತ್ತರಿಯಲ್ಲಿ ಒಂದು ಸೆಟ್ಟಿಂಗ್ ಇದೆ. ಪ್ರೋಗ್ರಾಂ ಶುರುವಿನಲ್ಲಿ ಭಾಷೆ ಯಾವುದು ಅಂತ ಒಮ್ಮೆ ಹೇಳಿಟ್ಟರೆ ಆಮೇಲೆ ಎಲ್ಲ ಕಡೆ ಅದೇ. ಲೊಕೇಲ್.ಟಿಎಸ್ ಒಳಗೆ ಒಂದು ವೇರಿಯಬಲ್, ಅಷ್ಟೇ ಅದರ ಗುಟ್ಟು. ಒಬ್ಬರ ಆ್ಯಪ್‌ನಲ್ಲಿ ಭಾಷೆ ಹೇಳಿದರೂ ಕೆಲವು ಕಡೆ ಮಾತ್ರ ಅದು ಹಿಡಿಯುತ್ತಿರಲಿಲ್ಲ. ಅವರ ಕೋಡ್ ಇಂಪೋರ್ಟ್ ಮಾಡುತ್ತಿತ್ತು. ಅವರು ಬಳಸುತ್ತಿದ್ದ ಇನ್ನೊಂದು ಲೈಬ್ರರಿ ಕತ್ತರಿಯನ್ನು ರಿಕ್ವೈರ್ ಮಾಡುತ್ತಿತ್ತು. ಒಂದೇ ಪ್ರೋಗ್ರಾಂನಲ್ಲಿ ಕತ್ತರಿಯ ಎರಡು ಪ್ರತಿ, ಎರಡಕ್ಕೂ ಬೇರೆ ಬೇರೆ ವೇರಿಯಬಲ್. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಕ್ಲಾಸ್ ಇದ್ದಿದ್ದರೆ ಇನ್‌ಸ್ಟೆನ್ಸ್‌ಆಫ್ ಕೂಡ ಸುಳ್ಳು ಹೇಳುತ್ತಿತ್ತು.

ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು, ಬರೀ ಇಎಸ್ ಮಾಡ್ಯೂಲ್ ಕಳಿಸಿ. ನೋಡ್ 20.19 ಮತ್ತು 22.12ರಿಂದ ರಿಕ್ವೈರ್ ಕೂಡ ಇಎಸ್ ಮಾಡ್ಯೂಲನ್ನು ಯಾವ ಫ್ಲಾಗೂ ಇಲ್ಲದೆ ಎತ್ತಿಕೊಳ್ಳುತ್ತದೆ. ಮಾಡ್ಯೂಲಿನ ಮೇಲ್ಮಟ್ಟದಲ್ಲಿ ಅವೇಟ್ ಬಳಸಿರಬಾರದು, ಅಷ್ಟೇ. ಎಂಜಿನ್ಸ್ ಅನ್ನುವ ಕಡೆ ಯಾವ ನೋಡ್ ವರ್ಷನ್ ಬೇಕು ಅಂತ ಬರೆದುಬಿಡಿ.

ಎರಡೂ ಕಳಿಸಲೇಬೇಕು ಅನ್ನುವ ಪರಿಸ್ಥಿತಿ ಇದ್ದರೆ ಎಕ್ಸ್‌ಟೆನ್ಶನ್ ಕಡೆ ಗಮನ ಕೊಡಿ. ಪ್ಯಾಕೇಜ್.ಜೇಸನ್‌ನಲ್ಲಿ ಟೈಪ್ ಅನ್ನುವುದಕ್ಕೆ ಮಾಡ್ಯೂಲ್ ಅಂತ ಕೊಟ್ಟರೆ ಎಲ್ಲ .ಜೆಎಸ್ ಫೈಲ್‌ಗಳೂ ಇಎಸ್ ಮಾಡ್ಯೂಲ್ ಆಗುತ್ತವೆ. ಆಗ ಹಳೆಯ ಬಗೆಯವಕ್ಕೆ .ಸಿಜೆಎಸ್ ಅಂತಲೇ ಹೆಸರಿಡಬೇಕು. ಟೈಪ್‌ಸ್ಕ್ರಿಪ್ಟಿನ ಟೈಪ್ ಫೈಲ್‌ಗಳಿಗೂ ಇದೇ ಮಾತು. .ಜೆಎಸ್ ಜೊತೆ .ಡಿ.ಟಿಎಸ್, .ಸಿಜೆಎಸ್ ಜೊತೆ .ಡಿ.ಸಿಟಿಎಸ್. ಒಂದೇ ಟೈಪ್ ಫೈಲನ್ನು ಎರಡಕ್ಕೂ ತೋರಿಸಿದರೆ ಕೋಡ್ ಓಡುತ್ತದೆ, ಟೈಪ್‌ಸ್ಕ್ರಿಪ್ಟ್ ಕೂಗಾಡುತ್ತದೆ.

ಮತ್ತೊಂದು. ಇಎಸ್ ಮಾಡ್ಯೂಲಿನೊಳಗೆ ಪಕ್ಕದ ಫೈಲನ್ನು ಕರೆಯುವಾಗ ಪೂರ್ತಿ ಹೆಸರು ಬರೆಯಿರಿ, .ಜೆಎಸ್ ಸಮೇತ. ಬರೆಯುವುದು .ಟಿಎಸ್ ಫೈಲಿನಲ್ಲೇ ಆದರೂ ಕರೆಯುವುದು .ಜೆಎಸ್ ಅಂತ. ಮೊದಮೊದಲು ವಿಚಿತ್ರ ಅನಿಸುತ್ತದೆ. ಹಲವು ಫೈಲ್‌ಗಳನ್ನು ಒಂದಾಗಿಸುವ ಬಂಡ್ಲರ್ ಟೂಲ್‌ಗಳು ಬಾಲ ಇಲ್ಲದಿದ್ದರೂ ಊಹಿಸಿಕೊಳ್ಳುತ್ತವೆ, ನೋಡ್ ಊಹಿಸುವುದಿಲ್ಲ.

ಕೋಡ್ ಅಲ್ಲದ ಫೈಲ್‌ಗಳು

ಕತ್ತರಿಗೆ ಒಂದು ಸಣ್ಣ ಟೆಕ್ಸ್ಟ್ ಫೈಲ್ ಬೇಕು. ಯಾವ ಚಿಹ್ನೆಗಳ ಹಿಂದೆ ಕತ್ತರಿಸಬಾರದು ಅನ್ನುವ ಪಟ್ಟಿ. ಇದು ಎರಡು ಸಲ ಕೈಕೊಟ್ಟಿತು. ಮೊದಲ ಸಲ, ಫೈಲೇ ಡಿಸ್ಟ್‌ಗೆ ಬಂದಿರಲಿಲ್ಲ. ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಟೆಕ್ಸ್ಟ್ ಫೈಲ್‌ಗಳನ್ನು ನಕಲು ಮಾಡುವುದಿಲ್ಲ, ನಾವೇ ಬಿಲ್ಡ್ ಹೆಜ್ಜೆಯಲ್ಲಿ ಮಾಡಬೇಕು. ಎರಡನೇ ಸಲ, ಫೈಲ್ ಬಂದಿತ್ತು, ಆದರೆ ಸಿಗಲಿಲ್ಲ. ಚುಕ್ಕಿ ಗೆರೆ ಹಾಕಿ ದಾರಿ ಬರೆದು ಓದಿಸಿದ್ದೆ. ಹಾಗೆ ಬರೆದ ದಾರಿ ಶುರುವಾಗುವುದು ಪ್ರೋಗ್ರಾಂ ಎಲ್ಲಿ ನಿಂತು ಓಡುತ್ತಿದೆಯೋ ಅಲ್ಲಿಂದ, ನಿಮ್ಮ ಫೈಲ್ ಇರುವ ಜಾಗದಿಂದಲ್ಲ. ನನ್ನ ಫೋಲ್ಡರಿನಲ್ಲಿ ನಿಂತಾಗ ಎರಡೂ ಒಂದೇ. ಬೇರೆಯವರ ಪ್ರಾಜೆಕ್ಟಿನಲ್ಲಿ ಅದು ಅವರ ಫೋಲ್ಡರಿನಲ್ಲಿ ಹುಡುಕಿತು. ಇಂಪೋರ್ಟ್.ಮೆಟಾ.ಯುಆರ್‌ಎಲ್ ಹಿಡಿದು ಅಲ್ಲಿಂದ ದಾರಿ ಕಟ್ಟಬೇಕು. ಕೊನೆಗೆ ನಾನು ಆ ಪಟ್ಟಿಯನ್ನೇ ಒಂದು .ಟಿಎಸ್ ಫೈಲಿನ ಅರೇ ಮಾಡಿ ತಲೆನೋವು ಕಳೆದುಕೊಂಡೆ. ಚಿಕ್ಕ ಡೇಟಾಗೆ ಅದೇ ಸುಲಭ.

ಸಿಎಸ್‌ಎಸ್ ಕಳಿಸುವವರು ಪ್ಯಾಕೇಜ್.ಜೇಸನ್‌ನ ಸೈಡ್‌ಎಫೆಕ್ಟ್ಸ್ ಅನ್ನುವುದನ್ನು ನೋಡಿಕೊಳ್ಳಿ. ಅದಕ್ಕೆ ಫಾಲ್ಸ್ ಅಂತ ಕೊಟ್ಟರೆ, ಬರೀ ಇಂಪೋರ್ಟ್ ಮಾಡಿ ಬಿಟ್ಟ ಸಿಎಸ್‌ಎಸ್ ಫೈಲನ್ನು ಬಂಡ್ಲರ್ ಯಾರಿಗೂ ಬೇಡ ಅಂದುಕೊಂಡು ಎಸೆಯಬಹುದು. ಫಾಲ್ಸ್ ಬದಲು ಸಿಎಸ್‌ಎಸ್ ಫೈಲ್‌ಗಳ ಹೆಸರಿನ ಪಟ್ಟಿ ಕೊಡಿ.

ಡಿಸ್ಟ್‌ನ ಕೋಡ್ ಮೂಲದ ಯಾವ ಸಾಲಿನಿಂದ ಬಂತು ಅಂತ ಹೇಳುವ ಸೋರ್ಸ್ ಮ್ಯಾಪ್ ಕಳಿಸುತ್ತಿದ್ದರೆ, ಮೂಲ ಕೋಡ್ ಮ್ಯಾಪ್‌ನೊಳಗೇ ಸೇರಿದೆಯಾ ನೋಡಿ. ಇಲ್ಲದಿದ್ದರೆ ಎಸ್‌ಆರ್‌ಸಿಯನ್ನೂ ಕಳಿಸಬೇಕಾಗುತ್ತದೆ. ಮ್ಯಾಪ್ ಇದ್ದು ಮೂಲ ಇಲ್ಲ ಅಂದರೆ ಡೀಬಗರ್ ಇಲ್ಲದ ಫೈಲಿಗೆ ಬೆರಳು ತೋರಿಸುತ್ತದೆ.

ಒಂದೇ ಗಿಟ್ ಫೋಲ್ಡರಿನಲ್ಲಿ ಹಲವು ಪ್ಯಾಕೇಜ್ ಇಡುವ ಮೊನೊರೆಪೊ ಇದ್ದರೆ ಒಂದೇ ಮಾತು. ಫೈಲ್ಸ್ ಪಟ್ಟಿ ಆ ಪ್ಯಾಕೇಜಿನ ಫೋಲ್ಡರಿನಾಚೆ ಕೈಚಾಚುವುದಿಲ್ಲ. ಎಲ್ಲಕ್ಕೂ ಮೇಲಿನ ಫೋಲ್ಡರಿನಲ್ಲಿರುವ ಲೈಸೆನ್ಸ್, ರೀಡ್‌ಮಿ ಎನ್‌ಪಿಎಂ ಕಟ್ಟುವ ಗಂಟಿಗೆ ಬರುವುದಿಲ್ಲ. ಪ್ರತಿ ಪ್ಯಾಕೇಜಿನೊಳಗೂ ಒಂದೊಂದು ಇಡಿ.

ಕಳಿಸುವ ಮುಂಚೆ ಬಿಚ್ಚುವುದು

ಈಗ ಆ ಮೇಡಂ ಹೇಳಿಕೊಟ್ಟ ಕೆಲಸ. ಇದನ್ನೊಂದೇ ಮಾಡಿದ್ದರೂ ಮೇಲಿನ ಕತೆಗಳಲ್ಲಿ ಮುಕ್ಕಾಲು ಪಾಲು ಆಗುತ್ತಿರಲಿಲ್ಲ.

ಮೊದಲು ಎನ್‌ಪಿಎಂ ಪ್ಯಾಕ್ --ಡ್ರೈ-ರನ್ ಹೊಡೆಯಿರಿ. ಗಂಟು ಕಟ್ಟದೆಯೇ ಅದರಲ್ಲಿ ಹೋಗುವ ಪ್ರತಿ ಫೈಲಿನ ಹೆಸರು, ತೂಕ ತೋರಿಸುತ್ತದೆ. ಕೊನೆಗೆ ಒಟ್ಟು ಎಷ್ಟು ಫೈಲ್ ಅನ್ನುವ ಲೆಕ್ಕ. ಆ ಅಂಕಿ ನೆನಪಿಟ್ಟುಕೊಳ್ಳಿ. ಕತ್ತರಿಯದು ಹನ್ನೊಂದು. ಡಿಸ್ಟ್‌ನೊಳಗೆ ನಾಲ್ಕು .ಜೆಎಸ್, ನಾಲ್ಕು .ಡಿ.ಟಿಎಸ್, ಹೊರಗೆ ಪ್ಯಾಕೇಜ್.ಜೇಸನ್, ರೀಡ್‌ಮಿ, ಲೈಸೆನ್ಸ್. ಹೊಸ ಫೈಲ್ ಬರೆಯದೆ ಅದು ಹದಿಮೂರಾದರೆ ಏನೋ ನುಸುಳಿದೆ ಅಂತ ಅರ್ಥ.

ಆಮೇಲೆ ನಿಜವಾಗಿ ಕಟ್ಟಿ. ಬರೀ ಎನ್‌ಪಿಎಂ ಪ್ಯಾಕ್. ಕತ್ತರಿ-2.1.0.ಟಿಜಿಝೆಡ್ ಅಂತ ಒಂದು ಫೈಲ್ ಬೀಳುತ್ತದೆ. ಬಿಚ್ಚಿದರೆ ಒಳಗೆ ಪ್ಯಾಕೇಜ್ ಅನ್ನುವ ಫೋಲ್ಡರ್, ಅದರೊಳಗೆ ಎಲ್ಲ. ಬಿಲ್ಡ್ ಕಮಾಂಡನ್ನು ಪ್ರೀಪ್ಯಾಕ್ ಅನ್ನುವ ಸ್ಕ್ರಿಪ್ಟಿನಲ್ಲಿ ಇಡಿ. ಅದು ಪ್ಯಾಕ್‌ಗೂ ಮುಂಚೆ ಓಡುತ್ತದೆ, ಪಬ್ಲಿಷ್‌ಗೂ ಮುಂಚೆ ಓಡುತ್ತದೆ. ಪ್ರೀಪಬ್ಲಿಷ್‌ಓನ್ಲಿಯಲ್ಲಿ ಇಟ್ಟರೆ ಪ್ಯಾಕ್ ಮಾಡುವಾಗ ಓಡುವುದಿಲ್ಲ. ಆಗ ನೀವು ಪರೀಕ್ಷೆ ಮಾಡುವ ಗಂಟೇ ಬೇರೆ, ಕಳಿಸುವ ಗಂಟೇ ಬೇರೆ.

ಈಗ ಬೇರೆಲ್ಲೋ ಒಂದು ಖಾಲಿ ಫೋಲ್ಡರ್ ಮಾಡಿ. ಎನ್‌ಪಿಎಂ ಇನಿಟ್ ಹೊಡೆದು, ಎನ್‌ಪಿಎಂ ಇನ್‌ಸ್ಟಾಲ್ ಅಂತ ಬರೆದು ಪಕ್ಕದಲ್ಲಿ ಆ ಟಿಜಿಝೆಡ್ ಫೈಲಿನ ದಾರಿ ಕೊಡಿ. ಎರಡು ಸಾಲಿನ ಎರಡು ಫೈಲ್ ಬರೆದು ಓಡಿಸಿ. ಒಂದರಲ್ಲಿ ಇಂಪೋರ್ಟ್, ಒಂದರಲ್ಲಿ ರಿಕ್ವೈರ್. ಎಲ್ಲ ಬಾಗಿಲುಗಳನ್ನೂ ಒಮ್ಮೊಮ್ಮೆ ತಟ್ಟಿ.

ಎನ್‌ಪಿಎಂ ಲಿಂಕ್ ಸಾಲದಾ ಅಂತ ಕೇಳಬಹುದು. ಸಾಲದು. ಲಿಂಕ್ ನಿಮ್ಮ ಇಡೀ ಫೋಲ್ಡರಿಗೆ ಒಂದು ಕಿಟಕಿ ತೆರೆಯುತ್ತದೆ. ಗಂಟಿಗೆ ಹೋಗದ ಫೈಲೂ ಅದರಲ್ಲಿ ಕಾಣುತ್ತದೆ, ನಿಮ್ಮ ನೋಡ್_ಮಾಡ್ಯೂಲ್ಸ್ ಕೂಡ. ಓಡುವಾಗ ಬೇಕಾದ ಲೈಬ್ರರಿಯನ್ನು ಅಚಾನಕ್ಕಾಗಿ ಡೆವ್‌ಡಿಪೆಂಡೆನ್ಸೀಸ್‌ನಲ್ಲಿ (ಪ್ಯಾಕೇಜ್ ಬರೆಯುವವರಿಗೆ ಮಾತ್ರ ಬೇಕಾದವುಗಳ ಪಟ್ಟಿ) ಬರೆದಿದ್ದರೆ ಲಿಂಕ್‌ನಲ್ಲಿ ಅದು ಗೊತ್ತಾಗುವುದೇ ಇಲ್ಲ. ಖಾಲಿ ಫೋಲ್ಡರಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಪಬ್‌ಲಿಂಟ್ ಅನ್ನುವ ಟೂಲೊಂದಿದೆ. ಎಕ್ಸ್‌ಪೋರ್ಟ್ಸ್‌ನಲ್ಲಿ ಬರೆದ ಫೈಲ್‌ಗಳು ನಿಜಕ್ಕೂ ಗಂಟಿನಲ್ಲಿವೆಯಾ ಅಂತ ನೋಡಿ ಹೇಳುತ್ತದೆ. ನಾನು ಅದನ್ನೂ ಓಡಿಸುತ್ತೇನೆ, ಖಾಲಿ ಫೋಲ್ಡರನ್ನೂ ಬಿಡುವುದಿಲ್ಲ.

ಎಲ್ಲ ಸರಿ ಅನಿಸಿದ ಮೇಲೂ ದೊಡ್ಡ ಬದಲಾವಣೆ ಇದ್ದರೆ ನೇರ ಎಲ್ಲರ ಕೈಗೆ ಕೊಡಬೇಡಿ. 3.0.0-ಬೀಟಾ.0 ಅಂತ ನಂಬರ್ ಕೊಟ್ಟು, ಪಬ್ಲಿಷ್ ಮಾಡುವಾಗ --ಟ್ಯಾಗ್ ನೆಕ್ಸ್ಟ್ ಅಂತ ಸೇರಿಸಿ. ಟ್ಯಾಗ್ ಹೇಳದಿದ್ದರೆ ಹಳೆಯ ಎನ್‌ಪಿಎಂ ವರ್ಷನ್‌ಗಳಲ್ಲಿ ಅದು ಲೇಟೆಸ್ಟ್ ಆಗಿ ಎಲ್ಲರಿಗೂ ಹೋಗುವ ಅಪಾಯ ಇದೆ. ಪ್ಯಾಕೇಜಿನ ಹೆಸರು ಅಟ್ ಚಿಹ್ನೆಯಿಂದ ಶುರುವಾಗುವ ಸ್ಕೋಪ್ ಬಗೆಯದಾದರೆ ಮೊದಲ ಸಲ --ಆ್ಯಕ್ಸೆಸ್ ಪಬ್ಲಿಕ್ ಕೊಡುವುದು ಮರೆಯಬೇಡಿ. ಇಲ್ಲದಿದ್ದರೆ ಖಾಸಗಿ ಪ್ಯಾಕೇಜ್ ಅಂದುಕೊಂಡು ದುಡ್ಡಿನ ಖಾತೆ ಕೇಳುತ್ತದೆ.

ಕತ್ತರಿ 3ರ ಬೀಟಾ ಹಾಕಿದಾಗ ಮೊದಲು ಇನ್‌ಸ್ಟಾಲ್ ಮಾಡಿದ್ದು ಅದೇ ಗೆಳೆಯ. "ಓಡ್ತಿದೆ" ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರೆದ: "ರೀಡ್‌ಮಿಯಲ್ಲಿ ಇನ್ನೂ 1.0 ಉದಾಹರಣೆನೇ ಇದೆ ಮಾರಾಯ." ಎನ್‌ಪಿಎಂ ಪುಟದಲ್ಲಿ ಕಾಣುವ ರೀಡ್‌ಮಿ ಗಂಟಿನೊಳಗಿಂದ ಬರುವುದು. ಗಿಟ್‌ನಲ್ಲಿ ತಿದ್ದಿದರೆ ಅಲ್ಲಿ ಬದಲಾಗುವುದಿಲ್ಲ, ಹೊಸ ವರ್ಷನ್ನೇ ಹಾಕಬೇಕು. ಹಾಕಿದೆ, ಬೀಟಾ.1.